ಭಾನುವಾರದ ರಾಣಿ ಬಾಗ್

ಚಿಕ್ಕ ಮಗು ಇರುವ ಮನೆಯಲ್ಲಿ ಶನಿವಾರ ರಾತ್ರಿ ಊಟದ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ. "ನಾಳೆ ಎಲ್ಲಿಗೆ?" ಈಗಿನವರಿಗೆ ಮಾಲ್ ಇದೆ, ಎ.ಸಿ. ಇದೆ, ಮಗುವನ್ನು ಕೂರಿಸಿ ತಳ್ಳುವ ಗಾಡಿಯೂ ಅಲ್ಲೇ ಸಿಗುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ, ಅಂದರೆ 2000ದ ಆಸುಪಾಸಿನಲ್ಲಿ, ನಮ್ಮಂಥ ಡೊಂಬಿವಲಿಯವರಿಗೆ ಇದಕ್ಕೆ ಉತ್ತರಗಳು ಬೆರಳೆಣಿಕೆಯವು. ಚೌಪಾಟಿ. ಹ್ಯಾಂಗಿಂಗ್ ಗಾರ್ಡನ್ ಎದುರಿನ ಪಾರ್ಕಿನ ಬೂಟಿನ ಮನೆ. ವರ್ಳಿಯ ನೆಹರೂ ಸೈನ್ಸ್ ಸೆಂಟರ್. ಮೀನು ನೋಡಬೇಕೆಂದರೆ ಮರೀನ್ ಡ್ರೈವಿನ ತಾರಾಪೋರ್‌ವಾಲಾ ಅಕ್ವೇರಿಯಂ (1951ರಲ್ಲಿ ತೆರೆದದ್ದು, ಕಟ್ಟಡ ಅಪಾಯದ್ದು ಅಂತ ಈಚೆಗೆ ಮುಚ್ಚಿದರು). ಇವೆಲ್ಲ ಬೇಡವೆಂದರೆ ಬೈಕುಲಾದ ರಾಣಿ ಬಾಗ್. ಸ್ಟೇಷನ್ನಿನಿಂದ ನಡೆದೇ ಹೋಗಬಹುದು, ಟಿಕೆಟ್ ಅಗ್ಗ, ನೆರಳು ಧಾರಾಳ, ಆನೆ ಗ್ಯಾರಂಟಿ. ಹಾಗಾಗಿ ಹೆಚ್ಚು ಸಲ ಗೆದ್ದದ್ದು ರಾಣಿ ಬಾಗೇ.

ಈ "ನಾಳೆ ಎಲ್ಲಿಗೆ" ಅನ್ನುವ ಎರಡು ಶಬ್ದಗಳಿಗೂ ಒಂದೊಂದು ಚರಿತ್ರೆ ಇದೆ ನೋಡಿ. "ಎಲ್ಲಿಗೆ" ಅನ್ನಬೇಕಾದರೆ ಹೋಗಲು ಜಾಗ ಇರಬೇಕು. "ನಾಳೆ" ಅನ್ನಬೇಕಾದರೆ ರಜೆ ಇರಬೇಕು. ಈ ಊರಿನಲ್ಲಿ ಜಾಗ ಮೊದಲು ಬಂತು. ರಜೆ ಬರಲು ಮತ್ತೆ 28 ವರ್ಷ ಹಿಡಿಯಿತು. ಆ 28 ವರ್ಷಗಳ ಲೆಕ್ಕವೇ ನನಗೆ ಕುತೂಹಲದ್ದು.

ಮೊದಲು ಜಾಗದ ಕತೆ. ರಾಣಿ ಬಾಗನ್ನು ಮಕ್ಕಳಿಗಾಗಿ ಮಾಡಿದ್ದಲ್ಲ. ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಆಫ್ ವೆಸ್ಟರ್ನ್ ಇಂಡಿಯಾ ಎಂಬ ಸಂಸ್ಥೆಗೆ ಗಿಡಮರಗಳನ್ನು ತರಿಸಿ ಬೆಳೆಸಿ ನೋಡಲು ಒಂದು ತೋಟ ಬೇಕಿತ್ತು. ಅದು ಮೊದಲು ಶಿವಡಿಯಲ್ಲಿತ್ತು, ಆಮೇಲೆ ಬೈಕುಲಾಕ್ಕೆ ಬಂತು. 1862ರ ನವೆಂಬರ್ 19ರಂದು ಗವರ್ನರ್ ಬಾರ್ಟಲ್ ಫ್ರಿಯರ್ ಅವರ ಪತ್ನಿ ಲೇಡಿ ಫ್ರಿಯರ್ ಇದನ್ನು ಉದ್ಘಾಟಿಸಿದರು. ಹೆಸರು ವಿಕ್ಟೋರಿಯಾ ಗಾರ್ಡನ್ಸ್. ಜನರ ಬಾಯಲ್ಲಿ ಅದು ರಾಣೀಚಾ ಬಾಗ್ ಆಯಿತು. 1872ರಲ್ಲಿ ಪಕ್ಕದಲ್ಲೇ ಮ್ಯೂಸಿಯಂ ತೆರೆಯಿತು, 1873ರಲ್ಲಿ ತೋಟ ಮುನಿಸಿಪಾಲಿಟಿಯ ಕೈಗೆ ಬಂತು, ಪ್ರಾಣಿಗಳೂ ಬಂದವು. ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ ಎಂದು ಹೆಸರು ಬದಲಾದದ್ದು 1969ರಲ್ಲಿ. ಆದರೆ ಇವತ್ತಿಗೂ ಟ್ಯಾಕ್ಸಿಯವನಿಗೆ ನೀವು "ರಾಣಿ ಬಾಗ್" ಅಂದರೆ ಸಾಕು, ಯಾವ ರಾಣಿ ಅಂತ ಅವನು ಕೇಳುವುದಿಲ್ಲ.

ಮ್ಯೂಸಿಯಂನ ಮಗ್ಗುಲಲ್ಲಿ ಒಂದು ಕಲ್ಲಿನ ಆನೆ ನಿಂತಿದೆ. ಪೋರ್ಚುಗೀಸರು ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಅಂತ ಹೆಸರಿಟ್ಟದ್ದು ಈ ಆನೆಯಿಂದಾಗಿಯೇ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಕ್ರೇನಿನಿಂದ ಎತ್ತುವಾಗ ಬಿದ್ದು ಚೂರಾಯಿತು. ಚೂರುಗಳನ್ನು ಬೈಕುಲಾಕ್ಕೆ ತಂದಿಟ್ಟರು, 1914ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ನನ್ನ ಮಗಳಿಗೆ ಒಳಗಿನ ಜೀವಂತ ಆನೆಗಿಂತ ಇದರ ಮೇಲೆಯೇ ಪ್ರೀತಿ. "ಅಪ್ಪಾ, ಇದು ಅಲ್ಲಾಡಲ್ಲ ಅಲ್ವಾ?" ಅಂತ ಎರಡೆರಡು ಸಲ ಖಚಿತ ಮಾಡಿಕೊಂಡೇ ಹತ್ತಿರ ಹೋಗುತ್ತಿದ್ದಳು. ಕಾಲಾ ಘೋಡಾ ಎಂಬ ಜಾಗಕ್ಕೆ ಹೆಸರು ಕೊಟ್ಟ ಏಳನೇ ಎಡ್ವರ್ಡನ ಕುದುರೆ ಸವಾರಿಯ ಪ್ರತಿಮೆಯನ್ನೂ 1965ರಲ್ಲಿ ಇಲ್ಲಿಗೇ ತಂದಿಟ್ಟರು. ಒಟ್ಟಿನಲ್ಲಿ ನಿವೃತ್ತರಾದ ದೊಡ್ಡ ದೊಡ್ಡ ಅಧಿಕಾರಿಗಳು ಸೆಟ್ಲ್ ಆಗುವ ಕಾಲೊನಿ ಇದ್ದಂತೆ ಈ ತೋಟ!

ಈಗ ರಜೆಯ ಕತೆಗೆ ಬರೋಣ. ತೋಟದ ಸುತ್ತಮುತ್ತ ಏನಿತ್ತು ಅಂತ ನೆನಪು ಮಾಡಿಕೊಳ್ಳಿ. ಬೈಕುಲಾ, ಚಿಂಚ್‌ಪೋಕ್ಳಿ, ಲಾಲ್‌ಬಾಗ್, ಪರೇಲ್. ಅಂದರೆ ಗಿರಣಗಾಂವ್, ಬಟ್ಟೆ ಗಿರಣಿಗಳ ಊರು. ಕಾವಸ್‌ಜಿ ದಾವರ್ ತಾರದೇವದಲ್ಲಿ ಮೊದಲ ಗಿರಣಿಯ ಕಂಪನಿ ಹುಟ್ಟುಹಾಕಿದ್ದು 1854ರಲ್ಲಿ. ತೋಟಕ್ಕೂ ಗಿರಣಿಗಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಗಿರಣಿಯ ಕೆಲಸ ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ. ವಾರದ ರಜೆ ಎಂಬ ನಿಯಮವೇ ಇರಲಿಲ್ಲ. ಹಬ್ಬಕ್ಕೆ ಗಿರಣಿ ನಿಲ್ಲುತ್ತಿತ್ತು. ಬೇರೆ ದಿನ ನಿಂತರೂ ಯಂತ್ರ ಒರೆಸಲು ಅರ್ಧ ದಿನ ಹೋಗಬೇಕಾಗುತ್ತಿತ್ತು. ಮಗುವಿನ ಕೈ ಹಿಡಿದು ತೋಟಕ್ಕೆ ಹೋಗುವುದು ಎಲ್ಲಿ ಬಂತು?

ಅದಕ್ಕಿಂತ ದೊಡ್ಡ ಸಂಗತಿ, ಮಗುವೂ ಗಿರಣಿಯಲ್ಲೇ ಇರುತ್ತಿತ್ತು. ಮಕ್ಕಳ ಕೆಲಸಕ್ಕೆ ಮೊದಲ ಕಾನೂನು 1881ರ ಫ್ಯಾಕ್ಟರಿ ಕಾಯ್ದೆ. 7 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, 7ರಿಂದ 12ರವರೆಗಿನ ಮಕ್ಕಳಿಗೆ ದಿನಕ್ಕೆ 9 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು, ತಿಂಗಳಿಗೆ 4 ರಜೆ ಕೊಡಬೇಕು. ಇದು ಸುಧಾರಣೆ! ಅದೂ 100 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಮಾತ್ರ. ದೊಡ್ಡವರ ಬಗ್ಗೆ ಈ ಕಾಯ್ದೆಯಲ್ಲಿ ರಜೆಯ ಮಾತೇ ಇಲ್ಲ. ಮಗುವಿಗೆ ತಿಂಗಳಲ್ಲಿ ನಾಲ್ಕು ದಿನ ಬಿಡುವು, ಅಪ್ಪ ಅಮ್ಮನಿಗೆ ಒಂದೂ ಇಲ್ಲ. ಆ ನಾಲ್ಕು ದಿನ ಮಗು ಯಾರ ಜೊತೆ ಎಲ್ಲಿಗೆ ಹೋಗಬೇಕು?

ಬ್ಯಾಂಕಿನವನಾದ ನನಗೆ 1881 ಅಂದ ಕೂಡಲೇ ಇನ್ನೊಂದು ಕಾಯ್ದೆ ನೆನಪಾಗುತ್ತದೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್. ಬಿ.ಕಾಂ.ನಲ್ಲಿ ಓದಿ, ಬ್ಯಾಂಕ್ ಪರೀಕ್ಷೆಗೆ ಮತ್ತೆ ಓದಿ, ಈಗಲೂ ಚೆಕ್ ಬೌನ್ಸ್ ಆದಾಗ ಬಾಯಲ್ಲಿ ಬರುವ ಅದೇ ಕಾಯ್ದೆ. ನಮ್ಮ ಬ್ಯಾಂಕ್ ರಜೆಗಳೆಲ್ಲ ಘೋಷಣೆಯಾಗುವುದು ಇದರ 25ನೇ ಸೆಕ್ಷನ್ನಿನಡಿಯಲ್ಲಿ. ಭಾನುವಾರ ಸಾರ್ವಜನಿಕ ರಜೆ ಅಂತ ಅಲ್ಲಿ ಬರೆದಿದೆ. ಬಿಲ್ಲಿನ ವಾಯಿದೆ ಅಂದು ಬಿದ್ದರೆ ಹಿಂದಿನ ಕೆಲಸದ ದಿನವೇ ವಾಯಿದೆ ಎಂದು ಲೆಕ್ಕ. ಗಮನಿಸಿ, ಅದೇ 1881ನೇ ಇಸವಿ. ಪ್ರಾಮಿಸರಿ ನೋಟಿಗೆ ಭಾನುವಾರ ವಿಶ್ರಾಂತಿ ಸಿಕ್ಕಿತು, ಗಿರಣಿಯಲ್ಲಿ ನೂಲುವವನಿಗೆ ಸಿಗಲಿಲ್ಲ. 30 ವರ್ಷದ ಸರ್ವಿಸ್‌ನಲ್ಲಿ ಈ ಎರಡು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ಯಾರೂ ನನಗೆ ತೋರಿಸಿರಲಿಲ್ಲ.

ಗಿರಣಿಯವರ ಭಾನುವಾರಕ್ಕಾಗಿ ಗುದ್ದಾಡಿದವರು ನಾರಾಯಣ ಮೇಘಾಜಿ ಲೋಖಂಡೆ. ಠಾಣೆಯವರು, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. ಸ್ವಲ್ಪ ಕಾಲ ಗಿರಣಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು, 'ದೀನಬಂಧು' ಪತ್ರಿಕೆ ನಡೆಸಿದವರು. 1884ರಲ್ಲಿ ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಕಟ್ಟಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಭೆ ಸೇರಿಸಿ, ಸುಮಾರು 5,500 ಜನರ ರುಜು ಹಾಕಿಸಿ ಫ್ಯಾಕ್ಟರಿ ಕಮಿಷನ್ನಿಗೆ ಮನವಿ ಕೊಟ್ಟರು. ಕೇಳಿದ್ದೇನು? ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ಬೆಳಿಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ಮರುತಿಂಗಳ 15ರೊಳಗೆ ಸಂಬಳ, ಗಾಯವಾದವರಿಗೆ ಪರಿಹಾರ. "ಸೂರ್ಯಾಸ್ತದವರೆಗೆ ಮಾತ್ರ" ಅನ್ನುವುದು ಒಂದು ಬೇಡಿಕೆ, ನೋಡಿ!

ಭಾನುವಾರವೇ ಯಾಕೆ ಅಂದರೆ, ಅದು ಖಂಡೋಬಾನ ವಾರ ಎಂದು ಲೋಖಂಡೆ ವಾದಿಸಿದರು ಅಂತ ಇಲ್ಲಿನವರು ಹೇಳುತ್ತಾರೆ. ಜೇಜುರಿಯ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ, ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಹೇಬರಿಗೆ ಚರ್ಚಿನ ದಿನ, ಗಿರಣಿಯವರಿಗೆ ಮಲ್ಲಯ್ಯನ ದಿನ. ಸಾಹೇಬರಲ್ಲೂ ಲ್ಯಾಂಕಾಶೈರಿನ ಗಿರಣಿ ಮಾಲೀಕರು ಭಾರತದಲ್ಲಿ ಫ್ಯಾಕ್ಟರಿ ಕಾನೂನು ಬರಲಿ ಅಂತ ಒತ್ತಾಯಿಸುತ್ತಿದ್ದರು. ನಮ್ಮ ಮಕ್ಕಳ ಮೇಲಿನ ಕರುಣೆಯೇ ಅದಕ್ಕೆಲ್ಲ ಕಾರಣ ಅಂತ ನಂಬಬೇಕಿಲ್ಲ. ಬಾಂಬೆಯ ನೂಲು ಅವರ ನೂಲಿಗಿಂತ ಅಗ್ಗವಾಗುತ್ತಿತ್ತು.

ಮನವಿ ಕೊಟ್ಟ ಮೇಲೆ ಆರು ವರ್ಷ. 1890ರ ಏಪ್ರಿಲ್ 24ರಂದು ಲೋಖಂಡೆ ಕರೆದ ಸಭೆಗೆ ಸುಮಾರು 10,000 ಕೆಲಸಗಾರರು ಬಂದರು. ಇಬ್ಬರು ಹೆಂಗಸರು ಎದ್ದು ನಿಂತು ಮಾತಾಡಿದರು. 1890ರಲ್ಲಿ, ಸಾವಿರಾರು ಗಂಡಸರ ಮುಂದೆ! ಅವರು ಏನು ಹೇಳಿದರೋ, ಆ ಧೈರ್ಯವನ್ನು ನೆನೆದರೇ ನನಗೆ ಮೈ ಜುಮ್ಮೆನ್ನುತ್ತದೆ. ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಕಾಯ್ದೆಯಲ್ಲಿ ಅದು ಕಾನೂನಾಯಿತು. ಮಕ್ಕಳ ಕನಿಷ್ಠ ವಯಸ್ಸು 9ಕ್ಕೆ ಏರಿತು, 14ರವರೆಗೆ ದಿನಕ್ಕೆ 7 ಗಂಟೆ ಕೆಲಸ. ಲೋಖಂಡೆ 1897ರಲ್ಲಿ ಪ್ಲೇಗಿಗೆ ಬಲಿಯಾದರು. 2005ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪ್ ತಂದಿತು. ನಾನು ಅವರ ಹೆಸರು ಕೇಳಿದ್ದು ಆಗಲೇ, ಅಲ್ಲಿಯತನಕ ಭಾನುವಾರ ಅನ್ನುವುದು ಮಳೆಗಾಲದ ಹಾಗೆ ತಾನಾಗಿ ಬರುವುದು ಅಂದುಕೊಂಡಿದ್ದೆ.

ನಮ್ಮ ಶಾಖೆಯಲ್ಲಿ ಒಬ್ಬರು ದಫ್ತರಿ ಇದ್ದರು, ಲಾಲ್‌ಬಾಗಿನ ಚಾಳಿನವರು. ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಅವರ ಅಜ್ಜ ಒಂಬತ್ತನೇ ವಯಸ್ಸಿಗೆ ಗಿರಣಿಗೆ 'ಹಾಫ್ ಟೈಮರ್' ಆಗಿ ಸೇರಿದವರಂತೆ. "ನಮ್ಮ ಅಜ್ಜ ಮೊದಲ ಸಲ ಹುಲಿ ನೋಡಿದ್ದು ತನ್ನ ಮಗನನ್ನು ರಾಣಿ ಬಾಗಿಗೆ ಕರೆದುಕೊಂಡು ಹೋದಾಗ, ಸಾಹೇಬ್" ಅಂದಿದ್ದರು ಕಾಕಾ. ಅಂದರೆ ಗಿರಣಿಯಿಂದ ನಡೆದು ಹೋಗುವಷ್ಟು ಹತ್ತಿರದ ತೋಟವನ್ನು ಆ ಹುಡುಗ ಒಳಹೊಕ್ಕದ್ದು ಅಪ್ಪನಾದ ಮೇಲೆ. ಅಪ್ಪ ಮಗ ಇಬ್ಬರಿಗೂ ಅದು ಮೊದಲ ಹುಲಿ. ಚಾಳಿನ ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವವರಿಗೆ ಇಂಥ ತೋಟ ಏನಾಗಿತ್ತು ಅಂತ ಬಾಲ್ಕನಿ ಇರುವ ನಾವು ಊಹಿಸುವುದು ಕಷ್ಟ.

ಇನ್ನು ನಮ್ಮವರ ವಿಷಯ. ರಾಣಿ ಬಾಗಿನಿಂದ ಹೊರಟ ಕನ್ನಡ ಸಂಸಾರಗಳು ಸೀದಾ ಮನೆಗೆ ಹೋಗುವುದುಂಟೇ? ದಾದರಿನಲ್ಲೋ ಮಾಟುಂಗಾದಲ್ಲೋ ಇಳಿದು ಉಡುಪಿ ಹೋಟೆಲಿನಲ್ಲಿ ಮಗುವಿಗೊಂದು ಇಡ್ಲಿ, ನಮಗೆ ಮಸಾಲೆ ದೋಸೆ, ಆಮೇಲೆ ಕಾಫಿ. ಹಾಗಾಗಿ ಹೋಟೆಲಿನವರಿಗೆ ಭಾನುವಾರವೇ ಮೈಮುರಿಯುವ ದಿನ. ದಕ್ಷಿಣ ಕನ್ನಡದಿಂದ, ಕುಂದಾಪುರದ ಕಡೆಯಿಂದ ಹತ್ತು ಹನ್ನೆರಡನೇ ವಯಸ್ಸಿಗೇ ಬಂದು ಲೋಟ ತೊಳೆದು, ಟೇಬಲ್ ಒರೆಸಿ ಬೆಳೆದವರು ಎಷ್ಟು ಮಂದಿ! ಹಗಲಿಡೀ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು, ಅಲ್ಲಿಂದಲೇ ವಕೀಲರೂ ಬ್ಯಾಂಕಿನವರೂ ಆದವರು ನಮ್ಮಲ್ಲಿದ್ದಾರೆ. ಅವರ ಸಾಧನೆಯನ್ನು ಸಂಘದ ವೇದಿಕೆಗಳಲ್ಲಿ ಹೊಗಳುವುದನ್ನು ನೂರು ಸಲ ಕೇಳಿದ್ದೇನೆ, ಹೊಗಳಬೇಕಾದ್ದೇ. ಆದರೆ ಹತ್ತನೇ ವಯಸ್ಸಿನಲ್ಲಿ ಅವರ ಭಾನುವಾರ ಹೇಗಿತ್ತು ಅಂತ ಯಾರೂ ಅಲ್ಲಿ ಕೇಳುವುದಿಲ್ಲ. ನಾನು ಒಬ್ಬ ಹಿರಿಯರನ್ನು ಕೇಳಿದೆ. "ಭಾನುವಾರವಾ? ಅವತ್ತು ಲೋಟ ಜಾಸ್ತಿ ಮಾರಾಯ್ರೆ" ಅಂದರು, ಅಷ್ಟೆ.

1948ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೋಟೆಲ್ ಕೆಲಸಗಾರರಿಗೂ ವಾರಕ್ಕೊಂದು ರಜೆ ಕೊಟ್ಟಿತು. ಗಿರಣಿಯವರಿಗೆ ಬಂದು 58 ವರ್ಷ ಆದ ಮೇಲೆ. ಅದೂ ಕಾಗದದ ಮೇಲೆ. ಆ ರಜೆ ಮಂಗಳವಾರವೋ ಗುರುವಾರವೋ ಬಿದ್ದರೆ ಮಗುವಿಗೆ ಶಾಲೆ. ಮಗು ಮುಂಬಯಿಯಲ್ಲಿದ್ದರೆ ತಾನೇ ಆ ಮಾತು? ಹೆಚ್ಚಿನವರ ಹೆಂಡತಿ ಮಕ್ಕಳು ಊರಲ್ಲಿ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಗು ಅಪ್ಪನನ್ನು ನೋಡಿ ಅಮ್ಮನ ಸೀರೆ ಸೆರಗಿನ ಹಿಂದೆ ಅಡಗುತ್ತಿತ್ತು. ಇದನ್ನು ನಗುತ್ತಾ ಹೇಳುವವರನ್ನು ಕಂಡಿದ್ದೇನೆ, ನಗು ಗಂಟಲಲ್ಲಿ ಸಿಕ್ಕಿಕೊಳ್ಳುವುದನ್ನೂ ಕಂಡಿದ್ದೇನೆ.

14ರೊಳಗಿನ ಮಕ್ಕಳನ್ನು ಹೋಟೆಲ್, ಢಾಬಾ, ಮನೆಗೆಲಸಗಳಲ್ಲಿ ಇಟ್ಟುಕೊಳ್ಳಬಾರದು ಎಂದು ಕೇಂದ್ರ ಸರಕಾರದ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರ್ 10ರಂದು. 1906 ಅಲ್ಲ, 2006. ಅಂದರೆ ನನ್ನ ಮಗಳು ಕಲ್ಲಿನ ಆನೆಯನ್ನು ಮುಟ್ಟಿ ಬಂದು ಇಡ್ಲಿ ತಿನ್ನುತ್ತಿದ್ದ ಆ ವರ್ಷಗಳಲ್ಲಿ, ಅವಳಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗ ನಮ್ಮ ಟೇಬಲ್ ಒರೆಸಿದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಕೆಲವು ಸಲ ಆ ಹುಡುಗನಿಗೆ ನಮ್ಮ ಕನ್ನಡ ಕೇಳಿ ಮುಖ ಅರಳುತ್ತಿತ್ತು. "ಎಲ್ಲಿಗೆ ಹೋಗಿದ್ರಿ ಅಮ್ಮ?" ಅಂತ ಒಬ್ಬ ನನ್ನ ಹೆಂಡತಿಯನ್ನು ಕೇಳಿದ. ರಾಣಿ ಬಾಗ್ ಅಂದಾಗ, "ಹುಲಿ ಉಂಟಾ ಅಲ್ಲಿ?" ಅಂದ. ಆಗ ಕೌಂಟರಿನಿಂದ ಕೂಗು ಬಂತು, ಅವನು ಓಡಿದ.

ರಾಣಿ ಬಾಗ್ ಈಗ ಬಹಳ ಬದಲಾಗಿದೆ. 2016ರಲ್ಲಿ ಸಿಯೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು, 2017ರ ಮಾರ್ಚ್‌ನಲ್ಲಿ ಜನರಿಗೆ ನೋಡಲು ಬಿಟ್ಟರು. ಅದೇ ವರ್ಷ ದೊಡ್ಡವರ ಟಿಕೆಟ್ 5 ರೂಪಾಯಿಯಿಂದ 50ಕ್ಕೆ ಹಾರಿತು. ಗಂಡ ಹೆಂಡತಿ ಇಬ್ಬರು ಮಕ್ಕಳ ಸಂಸಾರಕ್ಕೆ ಒಟ್ಟು 100 ಅಂತ ಮಾಡಿದರು. ಪೆಂಗ್ವಿನ್‌ಗಳ ತಂಪು ಕೋಣೆಯ ಕರೆಂಟ್ ಬಿಲ್ಲು ಯಾರಾದರೂ ಕಟ್ಟಬೇಕಲ್ಲ. ಮ್ಯೂಸಿಯಂ ಮಾತ್ರ 2008ರಲ್ಲಿ ದುರಸ್ತಿ ಮುಗಿದ ಮೇಲೆ ಕಣ್ಣು ತುಂಬುವ ಹಾಗಿದೆ. ಮಕ್ಕಳಿಗೆ ಅಲ್ಲಿನ ಮಣ್ಣಿನ ಪುಟ್ಟ ಗೊಂಬೆಗಳನ್ನು ತಪ್ಪದೆ ತೋರಿಸಿ.

ಹೋಗುವುದಾದರೆ ಬೈಕುಲಾದಲ್ಲಿ ಪೂರ್ವಕ್ಕೆ ಇಳಿಯಿರಿ. ಭಾನುವಾರ ಸೆಂಟ್ರಲ್ ಲೈನಿನ ಮೆಗಾ ಬ್ಲಾಕ್ ನೋಡಿಕೊಂಡು ಹೊರಡಿ, ಇಲ್ಲದಿದ್ದರೆ ಮಗುವಿನ ಜೊತೆ ಪ್ಲಾಟ್‌ಫಾರ್ಮಿನಲ್ಲೇ ಪಿಕ್ನಿಕ್ ಆದೀತು. ಬುಧವಾರ ಹೋಗಬೇಡಿ. ಅಂದು ಪ್ರಾಣಿಗಳಿಗೆ ವಾರದ ರಜೆ.