ಕೂಪರ್ ಬ್ಲ್ಯಾಕ್ ಇಟ್ಯಾಲಿಕ್

ಕೂಪರ್ ಬ್ಲ್ಯಾಕ್ ಇಟ್ಯಾಲಿಕ್: ರೋಮನ್ ಲಿಪಿಯ ದಪ್ಪ, ಓರೆ, ಸೆರಿಫ್ ಅಕ್ಷರಶೈಲಿ. ಷಿಕಾಗೋದ ಆಸ್ವಾಲ್ಡ್ ಬ್ರೂಸ್ ಕೂಪರ್ (1879–1940) ರಚಿಸಿದ ಇದನ್ನು ಅದೇ ನಗರದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಕಾರ್ಖಾನೆ 1926ರಲ್ಲಿ ಹೊರತಂದಿತು. ಪುಸ್ತಕದ ಒಳಪುಟಗಳಿಗಲ್ಲ, ಜಾಹೀರಾತು, ತಲೆಬರಹ, ಪೊಟ್ಟಣಗಳ ದೊಡ್ಡ ಅಕ್ಷರಗಳಿಗೆಂದೇ ಮಾಡಿದ್ದು.

ಹಿನ್ನೆಲೆ

ಕೂಪರ್ ಮೂಲತಃ ಜಾಹೀರಾತುಗಳಿಗೆ ಕೈಯಲ್ಲಿ ಅಕ್ಷರ ಬರೆಯುತ್ತಿದ್ದವರು. ಷಿಕಾಗೋದ ಫ್ರಾಂಕ್ ಹೋಮ್ ಶಾಲೆಯಲ್ಲಿ ಅಕ್ಷರ ವಿನ್ಯಾಸಕ ಫ್ರೆಡರಿಕ್ ಗೌಡಿಯ ಶಿಷ್ಯರು. 1904ರಲ್ಲಿ ಫ್ರೆಡ್ ಬರ್ಟ್ಷ್ ಜೊತೆ ಸ್ವಂತ ಸಂಸ್ಥೆ ತೆರೆದರು. ಪ್ಯಾಕರ್ಡ್ ಕಾರಿನ ಜಾಹೀರಾತಿಗೆ ಅವರು ಬರೆದ ಅಕ್ಷರಗಳನ್ನೇ ಅನುಸರಿಸಿ ಅಮೆರಿಕನ್ ಟೈಪ್ ಫೌಂಡರ್ಸ್ ‘ಪ್ಯಾಕರ್ಡ್’ ಎಂಬ ಮೊಳೆಯನ್ನು ಎರೆದಿತ್ತು. 1922ರಲ್ಲಿ ನೇರ ರೂಪದ ಕೂಪರ್ ಬ್ಲ್ಯಾಕ್ ಬಂದಾಗ ಮುದ್ರಕರು ಮುಗಿಬಿದ್ದು ಕೊಂಡರು. ಸಂಪ್ರದಾಯನಿಷ್ಠರು ಇದನ್ನು ಕರಿ ಪಿಡುಗೆಂದು ಜರೆದರೂ ಎದುರಾಳಿ ಕಂಪನಿಗಳು ಸುಮ್ಮನೆ ಕೂರಲಿಲ್ಲ: 1924ರಲ್ಲಿ ಲಡ್ಲೋ ಬ್ಲ್ಯಾಕ್, 1925ರಲ್ಲಿ ಗೌಡಿ ಹೆವಿಫೇಸ್, 1928ರಲ್ಲಿ ಲೈನೋಟೈಪಿನ ಪಾಬ್ಸ್ಟ್ ಎಕ್ಸ್‌ಟ್ರಾ ಬೋಲ್ಡ್ ಬಂದವು. ಗುರು ಗೌಡಿಯೇ ಶಿಷ್ಯನ ಯಶಸ್ಸಿಗೆ ಉತ್ತರ ಬರೆಯಬೇಕಾದದ್ದು ಈ ಶೈಲಿಯ ಪ್ರಭಾವಕ್ಕೆ ದೊಡ್ಡ ಸಾಕ್ಷಿ.

ರಚನೆ

ದಪ್ಪ ಅಕ್ಷರವನ್ನು ಓರೆಯಾಗಿಸುವುದು ಸೀಸದ ಮೊಳೆಯ ಕಾಲದಲ್ಲಿ ಸುಲಭವಾಗಿರಲಿಲ್ಲ. ಮೊಳೆಯ ಒಡಲು ಆಯತಾಕಾರದ್ದು. ಅಕ್ಷರ ಮಾತ್ರ ವಾಲಿದ್ದು. ವಾಲಿದ ತುದಿ ಒಡಲನ್ನು ದಾಟಿ ಚಾಚಿದರೆ ಪಕ್ಕದ ಮೊಳೆಗೆ ತಾಗಿ, ಅಚ್ಚಿನ ಒತ್ತಡಕ್ಕೆ ಮುರಿಯಬಹುದು. ಚಾಚದಂತೆ ಒಡಲನ್ನೇ ಅಗಲ ಮಾಡಿದರೆ ಪದದ ನಡುವೆ ಬಿಳಿ ತೂತುಗಳು ಬೀಳುತ್ತವೆ. ಗೀಟು ದಪ್ಪವಾದಷ್ಟೂ ಅಕ್ಷರದೊಳಗಿನ ಬಿಳಿ ಜಾಗ ಕಿರಿದಾಗಿ, ಶಾಯಿ ಹರಡಿದರೆ ಅದೂ ಮುಚ್ಚಿಹೋಗುವ ಭಯ. ಕೂಪರ್ ಬ್ಲ್ಯಾಕ್ ಇಟ್ಯಾಲಿಕ್‌ನಲ್ಲಿ ಈ ಒಳಬಿಳುಪು ಚಿಕ್ಕದಾದರೂ ಆಕಾರ ಕೆಡದಂತೆ ಉಳಿದಿದೆ.

ಸೆರಿಫ್‌ಗಳು, ಅಂದರೆ ಗೀಟಿನ ಕೊನೆಯ ಚಾಚುಗಳು, ಚೂಪಾಗಿರದೆ ಕರಗಿದ ಮೇಣದ ಹಾಗೆ ದುಂಡಾಗಿವೆ. ಮೊಳೆ ಸವೆದಾಗ ಮೊದಲು ಹೋಗುವುದು ಚೂಪು ಮೂಲೆ. ದುಂಡು ಮೂಲೆಯ ಸವಕಳಿ ಅಷ್ಟಾಗಿ ಕಾಣದಿರುವುದೂ ಮುದ್ರಕರ ಮೆಚ್ಚುಗೆಗೆ ಒಂದು ಕಾರಣವಾಗಿದ್ದೀತು. ಇಟ್ಯಾಲಿಕ್‌ನಲ್ಲಿ ಸಣ್ಣಕ್ಷರ ‘ಎ’ ಕೈಬರಹದಲ್ಲಿರುವಂತೆ ಒಂದೇ ಹೊಟ್ಟೆಯದು. ‘ಎನ್’, ‘ಎಮ್’ಗಳ ಮೊದಲ ಗೀಟು ಕುಂಚ ಊರಿದಂತೆ ಬಾಗಿ ಶುರುವಾಗುತ್ತದೆ. ನೇರ ರೂಪವನ್ನು ಬರಿದೇ ವಾಲಿಸಿದರೆ ಇವು ಬರುವುದಿಲ್ಲ.

ಬಳಕೆ

1960–70ರ ದಶಕಗಳಲ್ಲಿ ಫೋಟೋ ಅಕ್ಷರಜೋಡಣೆ ವ್ಯಾಪಕವಾಗಿ, ಒಡಲಿನ ಅಡ್ಡಿ ತೊಲಗಿ, ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸುವುದು ಸಾಧ್ಯವಾಯಿತು. ಕೂಪರ್ ಅಕ್ಷರಕುಟುಂಬ ಮತ್ತೆ ಚಾಲ್ತಿಗೆ ಬಂತು. ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ (1966) ಧ್ವನಿಮುದ್ರಿಕೆಯ ಹೊದಿಕೆ, ಈಸಿಜೆಟ್ ವಿಮಾನ ಸಂಸ್ಥೆಯ ಲಾಂಛನ ಹೆಸರಾಂತ ಉದಾಹರಣೆಗಳು. ಎರಡೂ ನೇರ ರೂಪದವು.

ಮೈಕ್ರೋಸಾಫ್ಟ್ ಆಫೀಸ್ ಜೊತೆ ಬರುವುದೂ ನೇರ ಕೂಪರ್ ಬ್ಲ್ಯಾಕ್ ಒಂದೇ. ಅದಕ್ಕೆ ಇಟ್ಯಾಲಿಕ್ ಗುಂಡಿ ಒತ್ತಿದಾಗ ಸಿಗುವುದು ಯಂತ್ರ ವಾಲಿಸಿದ ಅಕ್ಷರ, ಕೂಪರ್ ಬರೆದದ್ದಲ್ಲ. ನಿಜವಾದ ಇಟ್ಯಾಲಿಕ್ ಬೇಕಾದ ವಿನ್ಯಾಸಕಾರರು ಬಿಟ್‌ಸ್ಟ್ರೀಮ್‌ನಂಥ ಸಂಸ್ಥೆಗಳ ಪ್ರತ್ಯೇಕ ಫಾಂಟನ್ನೇ ಬಳಸಬೇಕು.