ಜವೆಯ ಮೊಳಕೆಯೂ ಕಿರಣಸಂಸ್ಕಾರವೂ: ಕೊಪಣ ಸೀಮೆಯ ದೃಷ್ಟಿಯಿಂದ

ಯವ ಶಬ್ದವು ಕನ್ನಡದಲ್ಲಿ ‘ಜವೆ’ ಎಂದಾಗಿರುವುದು ಸಹಜವೇ. ಯಾತ್ರೆಯು ಜಾತ್ರೆಯಾದುದನ್ನೂ ಯೋಗಿಯು ಜೋಗಿಯಾದುದನ್ನೂ ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ. ತೊಡಕಿರುವುದು ಅರ್ಥದಲ್ಲಿ. ಗ್ರಂಥಭಾಷೆಯಲ್ಲಿ ಜವೆಗೋದಿಯೆಂದರೆ ಬಾರ್ಲಿ. ಬಡಗನಾಡಿನ ಒಕ್ಕಲಿಗರ ಬಾಯಲ್ಲಿ ಅದೇ ಹೆಸರು ಸದಕಗೋದಿಗೂ ಸಲ್ಲುತ್ತದೆ. ಬಾರ್ಲಿಯ ವಿಷಯವಾಗಿ ಹೊರನಾಡುಗಳಲ್ಲಿ ನಡೆದ ಶೋಧನೆಗಳನ್ನು ಕನ್ನಡಕ್ಕೆ ತರುವವರು ಈ ಭೇದವನ್ನು ಮರೆತರೆ ಒಂದು ಧಾನ್ಯದ ಗುಣವು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಮದ್ಯಕ್ಕಾಗಿ ಮೊಳೆಯಿಸುವ ಬಾರ್ಲಿಗೆ ಕಿರಣಸಂಸ್ಕಾರ ಮಾಡುವ ಕ್ರಮವನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಧಾನ್ಯಚರಿತ್ರೆಯೊಡನೆ ಇಟ್ಟು ನೋಡಬೇಕಾದುದು ಇದರಿಂದಲೇ.

ಜವೆಯು ಈ ಪ್ರಾಂತಕ್ಕೆ ಅಪರಿಚಿತವಲ್ಲ. ಗಂಗಾವತಿಗೆ ಮೂಡಲಲ್ಲಿರುವ ತೆಕ್ಕಲಕೋಟೆ, ಅದರಾಚೆಯ ಸಂಗನಕಲ್ಲು, ಇವುಗಳ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾಗಿ ಉಳಿದ ಕಾಳುಗಳನ್ನು ಡೋರಿಯನ್ ಫುಲ್ಲರ್ ಮೊದಲಾದವರು ಪರೀಕ್ಷಿಸಿದಾಗ ಗೋದಿ ಜವೆಗಳೂ ದೊರೆತುವು. ಆದರೆ ಅವು ಸ್ವಲ್ಪವೇ. ಜನರ ನಿತ್ಯದ ಊಟವು ಕೊರಲೆ, ಹುರುಳಿ, ಹೆಸರುಗಳಿಂದ ನಡೆಯುತ್ತಿತ್ತು. ಚಳಿಗಾಲದ ಬೆಳೆಯಾದ ಜವೆಯನ್ನು ಇಲ್ಲಿ ಪ್ರಯಾಸದಿಂದ ಬೆಳೆದುದು ಹಬ್ಬದ ಅಡುಗೆಗೋ ಪಾನಕ್ಕೋ ಆಗಿದ್ದಿರಬೇಕೆಂದು ನನ್ನ ಊಹೆ. ವೈದಿಕರಂತೂ ಸೌತ್ರಾಮಣಿಯ ಸುರೆಗೆ ಮೊಳೆತ ಜವೆಯನ್ನು ಕೂಡಿಸುತ್ತಿದ್ದರು. ಅದಕ್ಕೆ ‘ತೋಕ್ಮ’ವೆಂಬ ಬೇರೆ ಹೆಸರೇ ಉಂಟು. ಇಷ್ಟಿದ್ದರೂ, ಕವಿರಾಜಮಾರ್ಗವು ಹೊಗಳಿದ ಕೊಪಣದಲ್ಲಾಗಲಿ, ಸಿಂದರ ರಾಜಧಾನಿಯಾದ ಎರಂಬರಗೆಯಲ್ಲಾಗಲಿ, ಎಂದರೆ ಇಂದಿನ ಯಲಬುರ್ಗೆಯಲ್ಲಾಗಲಿ, ಜವೆಯು ನೆಲೆಯೂರಲಿಲ್ಲ. ಒಡೆಯನ ಅನ್ನದ ಋಣವನ್ನು ನಮ್ಮ ಹಿರಿಯರು ‘ಜೋಳವಾಳಿ’ ಎಂದರೇ ಹೊರತು ಜವೆಯ ಹೆಸರಿನಿಂದ ಕರೆಯಲಿಲ್ಲ.

ಇನ್ನು ಕಿರಣದ ವಿಚಾರ. ನೆನೆದ ಕಾಳಿನಲ್ಲಿ ಭ್ರೂಣವು ಎಚ್ಚತ್ತು ಜಿಬ್ಬರೆಲಿನ್ ಎಂಬ ಪ್ರೇರಕವನ್ನು ಕಳುಹುತ್ತದೆ. ಹಿಟ್ಟನ್ನು ಸುತ್ತುವರಿದ ತೆಳ್ಪದರವು ಅದರಿಂದ ಪ್ರೇರಿತವಾಗಿ ಹಿಟ್ಟನ್ನು ಸಕ್ಕರೆಯಾಗಿಸುವ ಕಿಣ್ವಗಳನ್ನು ಹುಟ್ಟಿಸುತ್ತದೆ. (ಅರ್ಥಶಾಸ್ತ್ರದ ಕಿಣ್ವವು ಸುರೆಯ ಹುದುಗು, ಈಗಿನ ಅರ್ಥವು ನವೀನ.) ಮದ್ಯ ಮಾಡುವವನಿಗೆ ಬೇಕಾದುದು ಇದಿಷ್ಟೇ. ಕಾಳು ಮಾತ್ರ ಗಿಡವಾಗಲು ಹವಣಿಸಿ ಬೇರು ಬಿಡುತ್ತದೆ. ನೂರಕ್ಕೆ ೩-೪ ಪಾಲು ತೂಕವು ಬೇರಿನಲ್ಲಿಯೇ ಕಳೆದುಹೋಗುತ್ತದೆ. ಬೇರು ಬೆಳೆಯಲು ಜೀವಕೋಶಗಳು ಒಡೆದು ಹೆಚ್ಚಬೇಕು. ತೆಳ್ಪದರದ ಕೋಶಗಳಾದರೋ ಒಡೆಯದೆಯೇ ತಮ್ಮ ಕೆಲಸ ಮಾಡುವುವು. ಗಾಮಾ ಕಿರಣವು ಮುಖ್ಯವಾಗಿ ಕೋಶವಿಭಜನೆಯನ್ನೇ ಕೆಡಿಸುತ್ತದೆ. ೧೯೬೧ರಲ್ಲಿ ಹೇಬರ್ ಮತ್ತು ಅವರ ಸಂಗಡಿಗರು ಇಂತಹ ಕಿರಣವು ಹಾಯ್ದ ಗೋದಿಯು ಕೋಶವಿಭಜನೆಯಿಲ್ಲದೆಯೇ ಕೊಂಚ ಬೆಳೆಯುವುದನ್ನು ತೋರಿಸಿದರು. ಮಿತವಾದ ಕಿರಣದಿಂದ ಬೇರನ್ನು ತಡೆದು ಕಿಣ್ವವನ್ನು ಉಳಿಸಿಕೊಳ್ಳುವ ಯುಕ್ತಿಗೆ ಆಧಾರವಿದು. ಮಿತಿ ಮೀರಿದರೆ ಕಿಣ್ವವೂ ಕುಗ್ಗುತ್ತದೆ. ೧೯೨೮ರಲ್ಲಿ ಸ್ಟ್ಯಾಡ್ಲರನು ಕ್ಷ-ಕಿರಣದಿಂದ ಬಾರ್ಲಿಯ ಸಂತತಿಯಲ್ಲಿಯೇ ವಿಕಾರಗಳನ್ನು ಉಂಟುಮಾಡಿದುದು ಬೇರೆಯ ಮಾರ್ಗ, ಎರಡನ್ನೂ ಬೆರೆಸಬಾರದು. ಬ್ರಿಟನ್ನಿನ ವರ್ತಕರು ೧೯೬೦ರ ದಶಕದಲ್ಲಿ ಜಿಬ್ಬರೆಲಿಕ್ ಆಮ್ಲವನ್ನೂ ಪೊಟ್ಯಾಸಿಯಂ ಬ್ರೋಮೇಟನ್ನೂ ಚಿಮುಕಿಸಿ ಇದೇ ಫಲವನ್ನು ಪಡೆದುದರಿಂದ ಕಿರಣದ ಗೊಡವೆ ಅವರಿಗೆ ಬೇಕಾಗಲಿಲ್ಲ.

ನಮ್ಮ ಜೋಳಕ್ಕೆ ಈ ಪ್ರಶ್ನೆಯು ಇನ್ನೊಂದು ಮುಖದಿಂದ ಬರುತ್ತದೆ. ಮೊಳೆತ ಜೋಳದ ಸಸಿಯಲ್ಲಿ ಧುರ್ರಿನ್ ಎಂಬ ವಸ್ತುವು ಕೂಡಿ ಅದರಿಂದ ವಿಷಾಮ್ಲವು ಹೊರಡುತ್ತದೆ. ಎಳೆಯ ಜೋಳದ ಪೈರಿಗೆ ದನ ಬಿಡಬಾರದೆಂಬುದನ್ನು ಕುಷ್ಟಗಿಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಆದುದರಿಂದ ಜೋಳವನ್ನು ಮೊಳೆಯಿಸಿ ಒಣಗಿಸಿದ ಮೇಲೆ ಬೇರು ಮೊಳಕೆಗಳನ್ನು ಉಜ್ಜಿ ತೆಗೆಯಬೇಕು. ಬಾರ್ಲಿಯಲ್ಲಿ ಬೇರು ಬರಿಯ ನಷ್ಟ. ಜೋಳದಲ್ಲಿ ಮೊಳಕೆಯು ಅಪಾಯ. ಕಿರಣದ ಪರೀಕ್ಷೆಯು ಈ ಸೀಮೆಗೆ ಪ್ರಯೋಜನಕ್ಕೆ ಬರಬೇಕಾದರೆ ಅದನ್ನು ಜೋಳದ ಮೇಲೆಯೇ ಮೊದಲಿನಿಂದ ನಡೆಸಬೇಕು. ಭಾರತದ ೨೦೧೨ರ ನಿಯಮಗಳು ಧಾನ್ಯಗಳಿಗೆ ಹುಳು ಹತ್ತದಂತೆ ೦.೨೫ರಿಂದ ೧ ಕಿಲೋಗ್ರೇ ವರೆಗೆ ಕಿರಣವನ್ನು ಒಪ್ಪಿದುವು. ಮೊಳಕೆಯನ್ನು ತಡೆಯುವ ಉದ್ದೇಶವನ್ನು ಅವು ಹೇಳಿದುದು ಈರುಳ್ಳಿ, ಆಲೂಗಡ್ಡೆಗಳಂತಹ ಗಡ್ಡೆಗಳಿಗೆ.