ಆನ್‌ಲೈನ್ ಬೆಟ್ಟಿಂಗ್: ಹಣದ ಜಮೆ ಮತ್ತು ಹಿಂಪಡೆತ (ಭಾರತ)

ಜಾಲತಾಣ ಅಥವಾ ಆ್ಯಪ್‌ನಲ್ಲಿ ಬಾಜಿ ಕಟ್ಟುವವರು ಅಲ್ಲಿನ ಖಾತೆಗೆ ಹಣ ತುಂಬುವ, ಉಳಿದ ಹಣವನ್ನೂ ಗೆಲುವನ್ನೂ ಮರಳಿ ಪಡೆಯುವ ವ್ಯವಸ್ಥೆ.

ವಿಧಾನ: ಯುಪಿಐ, ಕಾರ್ಡ್, ವ್ಯಾಲೆಟ್, ಕ್ರಿಪ್ಟೊ ಮೂಲಕ ಜಮೆ ಸಾಮಾನ್ಯವಾಗಿ ಕೂಡಲೇ ಆಗುತ್ತದೆ. ಹಿಂಪಡೆಯಲು ಗುರುತಿನ ದಾಖಲೆ, ಕನಿಷ್ಠ ಮೊತ್ತದಂಥ ಷರತ್ತುಗಳಿರುತ್ತವೆ. ಬೋನಸ್ ಪಡೆದವರು ಅದರ ಹಲವು ಪಟ್ಟು ಬಾಜಿ ಕಟ್ಟಬೇಕಾಗುವುದುಂಟು. ಅಕ್ರಮ ತಾಣಗಳು ಕಮಿಷನ್ ಕೊಟ್ಟು ಪಡೆದ ಅನ್ಯರ ಬ್ಯಾಂಕ್ ಖಾತೆಗಳಿಗೆ ಹಣ ಹಾಕಿಸಿಕೊಳ್ಳುತ್ತವೆ. ತನಿಖೆಯಲ್ಲಿ ಅಂಥ ಖಾತೆಗಳು ಸ್ಥಗಿತಗೊಳ್ಳುತ್ತವೆ.

ತೆರಿಗೆ: 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಶೇ 30ರಷ್ಟನ್ನು ಹಿಂಪಡೆಯುವಾಗ ಅಥವಾ ಆರ್ಥಿಕ ವರ್ಷಾಂತ್ಯದಲ್ಲಿ ಮೂಲದಲ್ಲೇ ಕಡಿತಗೊಳಿಸುವ ನಿಯಮ ಬಂತು. ಅದೇ ವರ್ಷದ ಅಕ್ಟೋಬರ್ 1ರಿಂದ ಜಮೆ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ವಿಧಿಸಲಾಯಿತು.

ಕಾನೂನು: ಆನ್‌ಲೈನ್ ಜೂಜು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಪಣಕ್ಕಿಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಅವುಗಳ ಪಾವತಿ ನಡೆಸದಂತೆ ಬ್ಯಾಂಕುಗಳನ್ನೂ ನಿರ್ಬಂಧಿಸುತ್ತದೆ. ಮೊದಲ ಬಾರಿಯ ಉಲ್ಲಂಘನೆಗೆ ಗರಿಷ್ಠ 3 ವರ್ಷ ಜೈಲು, 1 ಕೋಟಿ ರೂಪಾಯಿ ದಂಡ ಅಥವಾ ಎರಡೂ. ಆಡುವವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ.